ಅಜ್ಜ ತನ್ನ ಮೇಲೆ ಹಾಕಿಕೊಂಡ ತಪ್ಪು

ಹಾಲಿನ ಲಾರಿ ಬರುವುದಕ್ಕೆ ಇನ್ನು ಅರ್ಧ ಗಂಟೆಯಷ್ಟೇ ಇತ್ತು. ಬೆನೆದಿಕ್ತ್ ಅಡುಗೆಮನೆಯ ಮೇಜಿನ ಮೇಲಿದ್ದ ಮೂರು ಹಾಳೆಗಳನ್ನು ಮಗಳತ್ತ ನೂಕಿ, "ಉನ್ನುರ್, ಒಂದ್ಸಲ ಓದಿ ಕಾಗುಣಿತ ನೋಡು. ಆಮೇಲೆ ಲಕೋಟೆಗೆ ಹಾಕಿ ಲಾರಿಯವನ ಕೈಗೆ ಕೊಡೋಣ. ಇವತ್ತು ಹೋಗ್ಲಿಲ್ಲ ಅಂದ್ರೆ ಪತ್ರಿಕೇಲಿ ಬರಲ್ಲ," ಎಂದ.

ಅಜ್ಜ ಕ್ಯಾರ್ತನ್ ತೀರಿಕೊಂಡು ಐದು ದಿನ. ಶನಿವಾರ ಮಣ್ಣು. ಐಸ್‌ಲ್ಯಾಂಡಿನಲ್ಲಿ ಮಂತ್ರಿ ಸತ್ತರೂ ಕುರಿ ಸಾಕುವವನು ಸತ್ತರೂ, ಮಣ್ಣು ಮಾಡುವ ದಿನ ಮನೆಯವರು ಅವನ ಬಗ್ಗೆ ಬರೆದದ್ದು ಪತ್ರಿಕೆಯಲ್ಲಿ ಬರಲೇಬೇಕು. ಊರೆಲ್ಲ ಓದುತ್ತದೆ, ಕತ್ತರಿಸಿ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಆ ಮನುಷ್ಯ ಹೇಗಿದ್ದ ಅಂದರೆ ಅಲ್ಲಿ ಅಚ್ಚಾದ ಹಾಗೆ ಇದ್ದ, ಅಷ್ಟೇ.

ಅಪ್ಪ ಎಷ್ಟು ಚೆನ್ನಾಗಿ ಬರೆದಿದ್ದ! ಹತ್ತೊಂಬತ್ತರ ವಯಸ್ಸಿನಲ್ಲಿ ಅಜ್ಜ ಮೀನಿನ ದೋಣಿಗೆ ಅಡುಗೆಯವನಾಗಿ ಹೋಗಿ, ಒಂದು ಬೇಸಿಗೆಯಿಡೀ ಹದಿನೇಳು ಜನಕ್ಕೆ ಸೀದ ಗಂಜಿ ಬಡಿಸಿ, ಅವರು ಸಮುದ್ರಕ್ಕೆ ಎಸೆಯುವ ಮೊದಲೇ ಊರಿಗೆ ವಾಪಸ್ಸು ಬಂದದ್ದು. ಹೆಂಡತಿ ಸತ್ತಾಗ ಆರು ವರ್ಷದ ಬೆನೆದಿಕ್ತನಿಗಾಗಿ ಅದೇ ಕೈಯಲ್ಲಿ ಅಡುಗೆ, ಹೊಲಿಗೆ, ಉಣ್ಣೆಯ ಕಾಲುಚೀಲ ಹೆಣೆಯುವುದು ಎಲ್ಲವನ್ನೂ ಕಲಿತದ್ದು. ಹೆಣೆದ ಜೋಡಿಯಲ್ಲಿ ಎರಡೂ ಒಂದೇ ಅಳತೆಗೆ ಬಂದದ್ದು ಮಾತ್ರ ಇಲ್ಲವೇ ಇಲ್ಲ. ಇನ್ನೂರು ಕುರಿಗಳ ಮುಖ ಬೇರೆಬೇರೆಯಾಗಿ ಗೊತ್ತಿದ್ದವನು ಪಾದ್ರಿಯ ಹೆಸರನ್ನು ಪ್ರತಿ ಭಾನುವಾರ ಮರೆಯುತ್ತಿದ್ದದ್ದು. ಉನ್ನುರ್ ಹುಟ್ಟಿದ ದಿನ ರಸ್ತೆಯೆಲ್ಲ ಹಿಮ, ಕಾರು ಹೋಗುವಂತಿಲ್ಲ. ಅಜ್ಜ ಟ್ರ್ಯಾಕ್ಟರ್ ಓಡಿಸಿಕೊಂಡೇ ಆಸ್ಪತ್ರೆಗೆ ಹೋಗಿ ಮೀಸೆಯಲ್ಲಿ ಮಂಜುಗಡ್ಡೆ ಇಟ್ಟುಕೊಂಡು ಮೊಮ್ಮಗಳನ್ನು ಎತ್ತಿಕೊಂಡದ್ದು.

ಉನ್ನುರ್ ನಗುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ಮೂರನೇ ಹಾಳೆಗೆ ಬಂದಳು. ಅಲ್ಲಿ ಹೀಗಿತ್ತು: "ಕೊನೆಯ ವರ್ಷಗಳಲ್ಲಿ ಅಪ್ಪನ ಬುದ್ಧಿ ಮಂಕಾಯಿತು. ಒಂದು ವಸಂತದಲ್ಲಿ ನಮ್ಮದೇ ಮರಿಗಳ ಕಿವಿಗೆ ಪಕ್ಕದ ಮನೆಯ ಗುರುತು ಹಾಕಿಬಿಟ್ಟ. ಅಲ್ಲಿಂದಾಚೆ ಚಾಕು ನಾನೇ ಹಿಡಿಯಬೇಕಾಯಿತು."

ಅವಳು ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು.

ಆ ಮರಿಗಳ ಕಿವಿ ಕೊಯ್ದದ್ದು ಅಜ್ಜನಲ್ಲ. ಅವಳು.

ಮೂರು ವರ್ಷದ ಹಿಂದಿನ ಮೇ ತಿಂಗಳು. ಅವಳಿಗೆ ಹದಿನಾಲ್ಕು. ಅಜ್ಜ ಸುಸ್ತಾಗಿ ಮಲಗಿದ್ದ. ಏಳುವುದರೊಳಗೆ ಕೆಲಸ ಮುಗಿಸಿ ಬೆರಗುಗೊಳಿಸೋಣ ಎಂದು ಅವಳೇ ಚಾಕು ಹಿಡಿದು ಕೊಟ್ಟಿಗೆಗೆ ಹೋದಳು. ಕುರಿ ಯಾರದೆಂದು ತಿಳಿಯಲು ಮರಿಯ ಕಿವಿ ಕೊಯ್ದು ಒಂದೊಂದು ಮನೆಯವರು ಒಂದೊಂದು ಗುರುತು ಹಾಕುತ್ತಾರೆ. ಅವರ ಮನೆಯ ಗುರುತು, ಬಲಗಿವಿಯ ತುದಿಯಲ್ಲಿ ಸೀಳು, ಎಡಗಿವಿಯ ಹಿಂದೆ ಕಚ್ಚು. ಪಕ್ಕದ ಮನೆಯ ಸ್ಟೇನಿಯದು ಇದಕ್ಕೆ ಸರಿಯಾಗಿ ತಿರುಗುಮುರುಗು. ಅಜ್ಜ ಯಾವಾಗಲೂ ಮರಿಯನ್ನು ಮೊಣಕಾಲುಗಳ ನಡುವೆ ಹಿಂದಿನಿಂದ ಹಿಡಿಯುತ್ತಿದ್ದ. ಆಗ ಅದರ ಬಲ ನಮ್ಮ ಬಲವೇ. ಉನ್ನುರ್ ಮುದ್ದಿನಿಂದ ತೊಡೆಯ ಮೇಲೆ ತನ್ನ ಕಡೆಗೆ ಮುಖ ಮಾಡಿ ಕೂರಿಸಿಕೊಂಡಳು. ಎಲ್ಲ ಉಲ್ಟಾ ಆಯಿತು. ಮರಿ ಹಾಕುವ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ, ಕುರಿಗಳು ಬೆಟ್ಟ ಹತ್ತಿದವು.

ಸೆಪ್ಟೆಂಬರಿನಲ್ಲಿ ಊರಿನವರೆಲ್ಲ ಸೇರಿ ಬೆಟ್ಟದಿಂದ ಕುರಿ ಇಳಿಸಿ, ದೊಡ್ಡ ದೊಡ್ಡಿಯಲ್ಲಿ ಕಿವಿ ನೋಡಿ ಹಂಚಿಕೊಳ್ಳುವಾಗ ಅಜ್ಜನ ಕುರಿಗಳ ಮರಿಗಳು ಸಾಲಾಗಿ ಸ್ಟೇನಿಯ ಪಾಲಿಗೆ ಹೋದವು. ತಾಯಿ ಕುರಿಗಳು ಈಚೆ ನಿಂತು ಅರಚಿದವು. ಅಜ್ಜ ಒಂದು ಮರಿಯ ಕಿವಿ ಹಿಡಿದು ನೋಡಿ, ಒಮ್ಮೆ ಉನ್ನುರ್ ಕಡೆ ನೋಡಿ, ಎಲ್ಲರಿಗೂ ಕೇಳುವಂತೆ, "ನನ್ನ ಕೈದೇ ಎಡವಟ್ಟು. ವಯಸ್ಸಾಯ್ತು ನೋಡಿ," ಎಂದ. ಜನ ಗುಸುಗುಸು ಅಂದರು. ಮರುವರ್ಷ ಬೆನೆದಿಕ್ತ್ ಚಾಕು ತೆಗೆದುಕೊಂಡಾಗ ಅಜ್ಜ "ಸರಿ" ಎಂದಷ್ಟೇ ಹೇಳಿದ. ಉನ್ನುರ್ ಅಂದೂ ಬಾಯಿ ಬಿಡಲಿಲ್ಲ.

ಈಗ ಅದೇ ಸುಳ್ಳು ಅಚ್ಚಾಗಲಿತ್ತು, ಅಜ್ಜನ ಫೋಟೋದ ಕೆಳಗೆ.

"ಅಪ್ಪಾ, ಇದನ್ನ ಕಳಿಸ್ಬೇಡ."

"ಯಾಕೆ, ಅಷ್ಟೊಂದು ತಪ್ಪಿದ್ಯಾ?"

"ಒಂದೇ ತಪ್ಪು. ಅಜ್ಜನ ಬುದ್ಧಿ ಸರಿಯಾಗೇ ಇತ್ತು. ಆ ಕಿವಿಗಳನ್ನ ಕೊಯ್ದಿದ್ದು ನಾನು."

ಉಳಿದದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಬೈಗುಳ ಬರುತ್ತದೆಂದು ಕಾದಳು. ಬೆನೆದಿಕ್ತ್ ಬೈಯಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತ.

"ಹಾಗಾದ್ರೆ ನಾನು ಸುಮ್ಮನೆ ಅವನ ಕೈಯಿಂದ ಚಾಕು ಕಿತ್ಕೊಂಡ್ನಾ? ಮೂರು ವರ್ಷ ಅವನನ್ನ ಕೂಸಿನ ಥರ ನೋಡ್ಕೊಂಡ್ನಲ್ಲೇ!"

ಅಷ್ಟರಲ್ಲಿ ಬಾಗಿಲಲ್ಲಿ ಬೂಟು ಕೊಡವಿದ ಸದ್ದು. ಪಕ್ಕದ ಮನೆಯ ಸ್ಟೇನಿ, ಎಪ್ಪತ್ತೆಂಟರ ಮುದುಕ, ಶನಿವಾರದ ಊಟಕ್ಕೆಂದು ಹೊಗೆ ಹಾಕಿದ ಕುರಿತೊಡೆಯೊಂದನ್ನು ಬಗಲಲ್ಲಿ ಇಟ್ಟುಕೊಂಡು ಒಳಗೆ ಬಂದ.

"ಏನ್ರಪ್ಪಾ, ಸತ್ತವನಿಗಿಂತ ನೀವೇ ಬಿಳಿಚ್ಕೊಂಡಿದ್ದೀರಲ್ಲ!"

ಬೆನೆದಿಕ್ತ್ ವಿಷಯ ಹೇಳಿದ. ಸ್ಟೇನಿ ಕುರಿತೊಡೆಯನ್ನು ಮೇಜಿನ ಮೇಲೆ ಧಪ್ಪೆಂದು ಇಟ್ಟ.

"ಅಬ್ಬಾ, ಅಂತೂ ಹೇಳಿದ್ಯಾ ಹುಡುಗೀ! ಈ ಗುಟ್ಟು ಇಟ್ಕೊಂಡು ನನ್ನ ಹೊಟ್ಟೆ ಉಬ್ಬರಿಸಿ ಹೋಗಿತ್ತು."

"ನಿಮಗೆ ಗೊತ್ತಿತ್ತಾ ಸ್ಟೇನಿ?"

"ಗೊತ್ತಿಲ್ದೆ ಏನು? ಕುರಿ ಹಂಚಿದ ದಿನ ಸಂಜೇನೇ ನಿಮ್ಮಜ್ಜ ಮರಿ ವಾಪಸ್ ಹೊಡ್ಕೊಂಡು ಹೋಗೋಕೆ ಬಂದ. ಒಂದು ಟಗರಿನ ವಿಷ್ಯಕ್ಕೆ ಹಳೇ ಜಗಳ ನಮ್ದು, ಒಂಬತ್ತು ವರ್ಷ ಮಾತಿರ್ಲಿಲ್ಲ. ಬಂದೋನೇ, 'ಕಾಫಿ ಹಾಕು ಮುದಿಯಾ' ಅಂದ. 'ಹುಡುಗಿ ಮರೀನ ತೊಡೆ ಮೇಲೆ ಕೂರಿಸ್ಕೊಂಡು ಕೊಯ್ದಿದ್ದಾಳೆ. ಹತ್ತು ವರ್ಷದೋನಿದ್ದಾಗ ನಾನೂ ಹಾಗೇ ಮಾಡಿದ್ದೆ. ನಮ್ಮಪ್ಪ ಊರೆಲ್ಲರ ಮುಂದೆ ಕಪಾಳಕ್ಕೆ ಬಿಟ್ಟ. ಆಮೇಲೆ ಮೂರು ವರ್ಷ ನಾನು ಕೊಟ್ಟಿಗೆ ಕಡೆ ತಲೆ ಹಾಕ್ಲಿಲ್ಲ. ಅವಳಿಗೆ ಹಾಗಾಗೋದು ಬೇಡ. ತಾನಾಗೇ ಹೇಳ್ತಾಳೆ, ಅಲ್ಲೀವರೆಗೆ ನೀನು ಬಾಯಿ ಬಿಟ್ರೆ ನೋಡು' ಅಂದ."

"ಮತ್ತೆ ಚಾಕು?" ಬೆನೆದಿಕ್ತ್ ಕೇಳಿದ. "ಅದನ್ನ ಕಿತ್ಕೊಂಡಾಗ ಬೇಜಾರಾಗ್ಲಿಲ್ವಾ ಅವನಿಗೆ?"

"ಬೇಜಾರು? ನಿನ್ನ ತಲೆ! ಬೆರಳೆಲ್ಲ ಜೋಮು ಹಿಡಿದು ಎರಡು ವರ್ಷ ಆಗಿತ್ತು. ಚಾಕು ಹಿಡಿದಿದ್ದೀನೋ ಇಲ್ವೋ ಗೊತ್ತಾಗ್ತಿಲ್ಲ ಅಂತಿದ್ದ. ನಿನ್ನ ಹತ್ರ ಹೇಳೋಕೆ ಮಾನ ಅಡ್ಡ. ನೀನು ಕಿತ್ಕೊಂಡ ದಿನ ನಮ್ಮನೆಗೆ ಬಂದು ಮೂರು ಕಪ್ ಕಾಫಿ ಕುಡಿದ. 'ಹುಡುಗಿ ನನ್ನ ಮಾನ ಉಳಿಸಿದ್ಲು ನೋಡು' ಅಂದ."

ಬೆನೆದಿಕ್ತ್ ಮುಖ ಮುಚ್ಚಿಕೊಂಡ. ಭುಜ ಕುಲುಕತೊಡಗಿತು. ಉನ್ನುರ್ ಗಾಬರಿಯಾಗಿ ಹತ್ತಿರ ಹೋದಳು. ಅಪ್ಪ ನಗುತ್ತಿದ್ದ, ಕಣ್ಣಲ್ಲಿ ನೀರು ಸುರಿಯುವಷ್ಟು. ಅವಳಿಗೂ ನಗು ಬಂತು. ಎದೆಯ ಮೇಲೆ ಮೂರು ವರ್ಷದಿಂದ ಕೂತಿದ್ದ ಏನೋ ಎದ್ದು ಹೊರಗೆ ನಡೆದ ಹಾಗಿತ್ತು.

ಹೊರಗೆ ಹಾಲಿನ ಲಾರಿ ಹಾರ್ನ್ ಹೊಡೆಯಿತು.

"ಸ್ಟೇನಿ, ಹೋಗಿ ಲಾರಿಯ ಓಡ್ಡುರ್‌ನ ಒಳಗೆ ಕರ್ಕೊಂಡು ಬಾ, ಕಾಫಿ ಕೊಡು, ಏನಾದ್ರೂ ಮಾಡಿ ಕೂರಿಸು!" ಎನ್ನುತ್ತಾ ಬೆನೆದಿಕ್ತ್ ಮೂರನೇ ಹಾಳೆಯನ್ನು ಹರಿದು, ಪೆನ್ನನ್ನು ಮಗಳ ಕೈಗೆ ತುರುಕಿದ. "ನೀನೇ ಬರಿ. ನಡೆದದ್ದನ್ನ ನಡೆದ ಹಾಗೇ ಬರಿ."

ಲಾರಿಯ ಓಡ್ಡುರ್ ಕಾಫಿ ಹೀರುತ್ತಾ ಗಡಿಯಾರ ನೋಡಿದ. "ಹಾಲು ಹುಳಿಯಾದ್ರೆ ನಿಮ್ಮ ಹೆಸ್ರೇ ಹೇಳ್ತೀನಿ."

ಉನ್ನುರ್ ಬರೆದಳು: "ಅಜ್ಜ, ನಿನ್ನ ಹನ್ನೊಂದು ಮರಿಗಳ ಕಿವಿ ತಪ್ಪಾಗಿ ಕೊಯ್ದದ್ದು ನಾನು. ಬೈಸಿಕೊಂಡದ್ದು ನೀನು." ಬರೆದು ಗಟ್ಟಿಯಾಗಿ ಓದಿದಳು.

ಸ್ಟೇನಿ ಕೆಮ್ಮಿದ. ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.

"ಹನ್ನೆರಡು ಅಂತ ಬರಿಯಮ್ಮ."

"ಕೊಯ್ಯುವಾಗ ನಾನು ಎಣಿಸಿರ್ಲಿಲ್ಲ. ಹನ್ನೊಂದೇ ಅಲ್ವಾ ವಾಪಸ್ ಬಂದದ್ದು?"

"ಬಂದದ್ದು ಹನ್ನೊಂದು. ಒಂದು ಮರಿ ಭಾಳ ಚೆನ್ನಾಗಿತ್ತು..." ಎಂದು ಅವನು ಕಿಟಕಿಯಾಚೆ ನೋಡಿದ. "ಟಗರಿನ ಸಿಟ್ಟು ಇನ್ನೂ ಸ್ವಲ್ಪ ಇತ್ತು."

ಓಡ್ಡುರ್‌ನ ಬಾಯಿಂದ ಕಾಫಿ ಚಿಮ್ಮಿತು. ಬೆನೆದಿಕ್ತ್ ಮೇಜು ಬಡಿದು ನಕ್ಕ. ಉನ್ನುರ್ ಹನ್ನೊಂದನ್ನು ಹೊಡೆದುಹಾಕಿ ಹನ್ನೆರಡು ಎಂದು ಬರೆದು, ಲಕೋಟೆ ಅಂಟಿಸಿ ಲಾರಿಯವನ ಕೈಗಿಟ್ಟಳು.