ಬೆಟಗೇರಿಗೆ ತೊಂದರೆ ಹುಡುಕಿಕೊಂಡು ಹೋದದ್ದು

ಗೆಳೆಯರೇ, ನಮ್ಮ ಸೀಮೆಯ ಉದ್ದಿಮೆಗಳಿಗೆ ಯಾವ ತೊಂದರೆಯೂ ಇಲ್ಲ. ಶಿರಹಟ್ಟಿ, ಮುಂಡರಗಿಯ ಮಾಲಕರು ಮೊದಲೇ ಹೇಳಿದ್ದರು. ಇವತ್ತು ಬೆಟಗೇರಿಯವರೂ ಹೇಳಿದರು. ನಮ್ಮ ಕಾಲೇಜಿನಲ್ಲಿ ಆಡಳಿತ ಶಾಸ್ತ್ರ ಓದುವವರು ಯಾವುದಾದರೂ ಕಾರ್ಖಾನೆಯ ನಿಜವಾದ ಸಮಸ್ಯೆ ಹುಡುಕಿ ಸಂಶೋಧನೆಯ ಪ್ರಸ್ತಾವ ಬರೆಯಬೇಕು. ಅದಕ್ಕೆ ಮಾಲಕರ ಸಹಿ ಬೇಕು. ಲಕ್ಷ್ಮೇಶ್ವರದ ನನ್ನ ವಿದ್ಯಾರ್ಥಿನಿ ನಸೀಮಾಳಿಗೆ ಅದನ್ನು ಒಪ್ಪಿಸಲು ಇಂದೇ ಕೊನೆಯ ದಿನ.

ಬೆಳಿಗ್ಗೆ ಬೆಟಗೇರಿಯ ಮಗ್ಗದ ಶೆಡ್ಡಿನ ಮಾಲಕ ಈರಪ್ಪನವರು ಚಹಾ ಕುಡಿಸಿ ತಾವಾಗಿಯೇ ಗೋಳು ತೋಡಿಕೊಂಡರು. “ನೂಲು ವ್ಯಾಳ್ಯಾಕ್ಕ ಬರೂದಿಲ್ರಿ ಸರ. ಮಗ್ಗ ಸುಮ್ನ ನಿಂತಾವು, ನೇಕಾರ್ರು ಬಿಟ್ಟು ಹೊಂಟಾರ.”

ನಸೀಮಾ ಅದನ್ನೇ ಟೈಪು ಮಾಡಿಸಿ ಮಧ್ಯಾಹ್ನ ಅವರ ಮುಂದಿಟ್ಟಳು. ಉಳಿದ ನೇಕಾರರು ಆಗ ಮಗ್ಗಗಳ ನಡುವೆ ಮಲಗಿದ್ದರು. ಈರಪ್ಪನವರು ಓದಿ ಪೆನ್ನು ಮುಚ್ಚಿದರು.

“ಇಂಥಾದ್ದೇನೂ ಇಲ್ಲ ನಮ್ಮಲ್ಲಿ. ಮಗಳ ನಿಶ್ಚಯ ಐತಿ, ಬೀಗರ ಕಿವಿಗೆ ಬಿದ್ರ ಹೆಂಗ?”

“ಮುಂಜಾನೆ ನೀವ ಹೇಳಿದ್ರಲ್ಲರಿ ಕಾಕಾ.”

“ಬಾಯಿಲೆ ಹೇಳೂದು ಬ್ಯಾರೆ, ಸಹಿ ಮಾಡೂದು ಬ್ಯಾರೆ, ತಂಗಿ.”

ಬೇರೆ ದಾರಿ ಕಾಣದೆ ವಿಷಯವನ್ನೇ ಬದಲಾಯಿಸಿದೆವು: ‘ಈರಪ್ಪನವರ ಮಗ್ಗಗಳ ಯಶಸ್ಸಿಗೆ ಕಾರಣಗಳು’. ಕೂಡಲೇ ಸಹಿ ಬಿತ್ತು. ಬಾಗಿಲವರೆಗೆ ಕಳಿಸಲು ಬಂದವರು ನನ್ನ ಕಿವಿಯ ಹತ್ತಿರ ಬಗ್ಗಿದರು. “ಸರ, ನೂಲು ಯಾಕ ಬರವಲ್ದು ಅಂತ ಈ ಹುಡುಗಿಗೆ ಏನರ ಗೊತ್ತಾದ್ರ, ನನಗೊಬ್ಬಗ ಹೇಳ್ರಿ.”

ನಾಳೆಯಿಂದ ನಸೀಮಾ ಯಶಸ್ಸಿನ ಅಧ್ಯಯನಕ್ಕೆ ಅದೇ ಶೆಡ್ಡಿಗೆ ಹೋಗುತ್ತಾಳೆ. ಮೊದಲು ನೇಕಾರರನ್ನು ಎಬ್ಬಿಸಬೇಕು.