ಕೆಡುವ ಮುಂಚೆ ಬರುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಅಡುಗೆಮನೆಯಲ್ಲಿ ಯಜಮಾನರು ನಿದ್ದೆಗಣ್ಣಿನಲ್ಲಿ ಮಂಡಿಯೂರಿ, ಫ್ರಿಜ್ಜಿನ ಬಾಗಿಲಿನ ರಬ್ಬರ್ ಪಟ್ಟಿಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜುತ್ತಿದ್ದಾರೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ಹೆಂಗಸೊಬ್ಬರು ಆರಾಮಾಗಿ ಕುಳಿತು ಟೀ ಕುಡಿಯುತ್ತಿದ್ದಾರೆ. ಕೆಲಸಕ್ಕೆಂದು ಕರೆಸಿರುವುದು ಈ ಹೆಂಗಸನ್ನು. ಕೆಲಸ ಮಾಡುತ್ತಿರುವುದು ಮಾತ್ರ ಕರೆಸಿದವರು.

"ಮೂಲೆ ಬಿಟ್ರಿ ಸರ್," ಎನ್ನುತ್ತಾರೆ ಆಕೆ. ಯಜಮಾನರು ಮರುಮಾತಿಲ್ಲದೆ ಮೂಲೆಯನ್ನೂ ಉಜ್ಜುತ್ತಾರೆ. ಆಮೇಲೆ ಆಕೆ ಎದ್ದು, ಕಾಗದದ ಚೂರೊಂದನ್ನು ಬಾಗಿಲಿನ ಸಂದಿಗೆ ಇಟ್ಟು, ಮುಚ್ಚಿ, ಎಳೆದು ನೋಡುತ್ತಾರೆ. ಕಾಗದ ಸಲೀಸಾಗಿ ಬಂದುಬಿಟ್ಟರೆ ಒಳಗಿನ ತಂಪೂ ಅದೇ ದಾರಿಯಲ್ಲಿ ಹೊರಗೆ ಹೋಗುತ್ತಿದೆ ಎಂದು ಅರ್ಥ. ಈ ಸಲ ಕಾಗದ ಬಿಗಿಯಾಗಿ ನಿಲ್ಲುತ್ತದೆ. ಯಜಮಾನರ ಮುಖದಲ್ಲಿ ಪರೀಕ್ಷೆ ಪಾಸಾದವರ ಕಳೆ.

ಬೀದಿಯವರೆಲ್ಲ ಈಕೆಯನ್ನು ಕರೆಯುವುದು ಮುಂಚೆ ಅಕ್ಕ ಎಂದು. ಕೆಟ್ಟ ಮೇಲೆ ಕರೆಯಬೇಡಿ, ಕೆಡುವುದಕ್ಕೆ ಮುಂಚೆ ಕರೆಯಿರಿ ಎಂದು ಕಂಡಕಂಡವರಿಗೆಲ್ಲ ಹೇಳಿ ಹೇಳಿ ಬಂದ ಹೆಸರು ಅದು. ಮನೆಯ ಯಂತ್ರಗಳು ಇನ್ನಷ್ಟು ಕಾಲ ಬಾಳುವಂತೆ ನೋಡಿಕೊಳ್ಳುವುದು ಅವರ ಕಸುಬು. ದಿನಕ್ಕೆ ಐದಾರು ಮನೆ. ಚೀಲದಲ್ಲಿ ನಾಲ್ಕು ಬಗೆಯ ಬ್ರಷ್ಷು, ಹಳೆಯ ಬಟ್ಟೆ, ವಿನೆಗರ್ ಬಾಟಲಿ, ಮತ್ತೊಂದು ಸ್ಟೀಲ್ ಲೋಟ. ಲೋಟದ ತಳವನ್ನು ಯಂತ್ರದ ಮೈಗೆ ಒತ್ತಿ, ಬಾಯಿಗೆ ಕಿವಿ ಕೊಟ್ಟು ಅವರು ಸದ್ದು ಕೇಳುತ್ತಾರೆ. ಚೀಲದಲ್ಲಿ ಸ್ಕ್ರೂಡ್ರೈವರ್ ಮಾತ್ರ ಇಲ್ಲ. "ತಿರುಪು ಬಿಚ್ಚಿದ್ರೆ ಅದು ರಿಪೇರಿ. ರಿಪೇರಿಗೆ ಬಂತು ಅಂದ್ರೆ ನಾನು ಸೋತೆ ಅಂತ," ಎನ್ನುತ್ತಾರೆ.

ಮನೆಯವರ ಕೈಯಲ್ಲೇ ಕೆಲಸ ಮಾಡಿಸುವುದು ಅವರ ಇನ್ನೊಂದು ನಿಯಮ. ತಾವೇ ಉಜ್ಜಿ ಕೊಟ್ಟರೆ ಮನೆಯವರು ಮಾರನೆಯ ದಿನವೇ ಮರೆಯುತ್ತಾರಂತೆ. ಸ್ವಂತ ಸೊಂಟ ನೋಯಿಸಿಕೊಂಡವರು ಎರಡು ತಿಂಗಳಾದರೂ ನೆನಪಿಡುತ್ತಾರಂತೆ.

ಮೊದಲು ಅವರು ಯಂತ್ರಗಳ ಕಂಪನಿಯೊಂದರಲ್ಲಿ ದೂರು ಕೇಳಿಸಿಕೊಳ್ಳುವ ಫೋನಿನ ಮುಂದೆ ಕೂರುತ್ತಿದ್ದರು. ದಿನವಿಡೀ ಯಾರ್‍ಯಾರದೋ ಬೈಗುಳ. ಕೇಳಿ ಕೇಳಿ ಸಾಕಾಗಿ, ಸೋಪಿನ ಪುಡಿ ಅರ್ಧ ಚಮಚ ಕಡಿಮೆ ಹಾಕಿ, ಜೇಬು ನೋಡಿ ಬಟ್ಟೆ ಹಾಕಿ ಎಂದು ಫೋನಿನಲ್ಲೇ ಪಾಠ ಶುರುಮಾಡಿದರು. ಪಾಠ ಉದ್ದವಾಯಿತು, ಕಾಯುವವರ ಸಾಲು ಇನ್ನೂ ಉದ್ದವಾಯಿತು. ಕಂಪನಿಯವರು ಹೂವು ಕೊಟ್ಟು ಮನೆಗೆ ಕಳಿಸಿದರು.

ಈ ಕಸುಬಿನ ಕಷ್ಟ ವಿಚಿತ್ರವಾದದ್ದು. ಕೆಲಸ ಚೆನ್ನಾಗಿ ಮಾಡಿದಷ್ಟೂ ಯಾರಿಗೂ ಇವರ ನೆನಪು ಬರುವುದಿಲ್ಲ. ಕೆಡದೆ ಓಡುತ್ತಿರುವ ಫ್ರಿಜ್ಜನ್ನು ನೋಡಿ ಹೊಗಳಿದವರನ್ನು ಯಾರೂ ಕಂಡಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡುವುದು, ಯಾರೂ ಹೇಳಿದ ಮಾತು ಕೇಳುವುದಿಲ್ಲ ಎಂಬ ಕೊರಗು. ಎಲ್ಲರೂ ತಲೆ ಆಡಿಸುತ್ತಾರೆ, ಆಕೆ ಮೆಟ್ಟಿಲಿಳಿದ ಕೂಡಲೇ ಮಷೀನಿಗೆ ಬಟ್ಟೆ ತುರುಕುತ್ತಾರೆ. ಒಗೆದಾದ ಮೇಲೆ ಬಾಗಿಲು ತೆರೆದಿಡಿ, ಒಳಗೆ ಒಣಗಲಿ ಎಂಬ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಒಂದೇ ಮನೆ. ಅಲ್ಲಿ ಬೆಕ್ಕು ಒಳಗೆ ಹೋಗಿ ಮರಿ ಹಾಕಿತು. ಆ ಮನೆಯವರು ಒಂದು ತಿಂಗಳು ಕೈಯಲ್ಲೇ ಬಟ್ಟೆ ಒಗೆದರು.

ಇನ್ನು ಅವರ ಮನೆಯ ಕಥೆ. ಗಂಡನಿಗೆ ಬೀದಿಯ ತಿರುವಿನಲ್ಲಿ ಅಂಗಡಿ ಇದೆ. ಮಾರುವುದು ಹೊಚ್ಚ ಹೊಸ ಫ್ರಿಜ್ಜು, ಹೊಸ ವಾಷಿಂಗ್ ಮಷೀನು. ಹೆಂಡತಿ ಹಳೆಯದನ್ನು ಸಾಯಲು ಬಿಡುವುದಿಲ್ಲ, ಗಂಡನ ಹೊಸದು ಹೋಗುವುದಿಲ್ಲ. ಬೀದಿಗೆಲ್ಲ ಇದು ಪುಕ್ಕಟೆ ಮನರಂಜನೆ.

ಹದಿನೈದು ವರ್ಷದ ಹಿಂದೆ ಆಕೆ ಚೀಲ ಹೆಗಲಿಗೇರಿಸಿದ ದಿನ ಗಂಡ ಸಿಟ್ಟಿನಲ್ಲಿ ಒಂದು ಪಂತ ಕಟ್ಟಿದರು. ಮನೆಯಲ್ಲಿರುವ ಹಳೆಯ ವಾಷಿಂಗ್ ಮಷೀನು ಓಡುವಷ್ಟು ದಿನ ಆಕೆ ಊರು ಸುತ್ತಬಹುದು. ಅದು ನಿಂತ ದಿನ ಕಸುಬು ಬಿಟ್ಟು ಅಂಗಡಿಯ ಗಲ್ಲಾದ ಹಿಂದೆ ಕೂರಬೇಕು. ಸಾಕ್ಷಿ, ನ್ಯಾಯಾಧೀಶೆ ಎರಡೂ ಅತ್ತೆಯೇ.

ಮಷೀನಿನ ಅಡ್ಡಹೆಸರು ಗೊಣಗಜ್ಜಿ. ಓಡುವಾಗ ಗೊಣಗುತ್ತದೆ, ಹಿಂಡುವಾಗ ನಿಂತ ಜಾಗ ಬಿಟ್ಟು ನಡೆಯುತ್ತದೆ. ಹೆಸರು ತನಗೇ ಇಟ್ಟದ್ದೆಂದು ಅತ್ತೆ ಎರಡು ದಿನ ಮಾತು ಬಿಟ್ಟಿದ್ದರಂತೆ. ಗೊಣಗಜ್ಜಿಯ ಮಾತು ಬಂದರೆ ಅಕ್ಕ ಬೀಗುತ್ತಾರೆ. "ಇಷ್ಟು ವರ್ಷದಲ್ಲಿ ಒಂದು ತಿರುಪು ಬಿಚ್ಚಿಲ್ಲ ನೋಡಿ, ಒಳಗಿಂದೆಲ್ಲ ಹಾಗೇ ಇದೆ," ಎಂದು ನನಗೂ ಹೇಳಿದರು.

ಅಂಗಡಿಯಲ್ಲಿ ಯಾವತ್ತಾದರೂ ಕೂತಿದ್ದೀರಾ ಎಂದು ಕೇಳಿದೆ. ಒಂದೇ ಒಂದು ದಿನ, ಗಂಡ ಯಾರದೋ ಮದುವೆಗೆ ಹೋದಾಗ. ಬಂದ ಗಿರಾಕಿಗಳಿಗೆಲ್ಲ ಮನೆಯಲ್ಲಿರುವ ಯಂತ್ರದ ಕಷ್ಟಸುಖ ವಿಚಾರಿಸಿ, ಹೊಸದು ಬೇಡ, ಅದನ್ನೇ ಸರಿಯಾಗಿ ನೋಡಿಕೊಳ್ಳಿ ಎಂದು ಹೇಳಿದರಂತೆ. "ಆದ್ರೆ ಒಬ್ಬರನ್ನೂ ಬರಿಗೈಲಿ ಕಳಿಸಲಿಲ್ಲ. ಒಂದೊಂದು ಬ್ರಷ್ ಕೊಟ್ಟೇ ಕಳಿಸಿದ್ದು."

ಈ ಲೇಖನಕ್ಕಾಗಿ ನಾನು ಮೊದಲ ದಿನ ಅವರ ಜೊತೆ ಮನೆ ಮನೆ ಸುತ್ತಿ, ಆಮೇಲೆ ವಾರಪೂರ್ತಿ ಬೆಳಗಿನ ಹೊತ್ತು ಅವರ ಮನೆಯಲ್ಲೇ ಝಾಂಡಾ ಊರಿದ್ದೆ. ನನ್ನ ಪ್ರಶ್ನೆಗಳು ಮುಗಿಯದೆ ಅಕ್ಕ ಬೆಳಗಿನ ಸುತ್ತಾಟವನ್ನು ಮಧ್ಯಾಹ್ನಕ್ಕೆ ತಳ್ಳಿದ್ದರು. ಕೊನೆಯ ದಿನ ಟೀ ಕುಡಿಯುತ್ತಿದ್ದೇವೆ, ಒಳಗೆ ಗೊಣಗಜ್ಜಿ ಎಂದಿನಂತೆ ಗೊಣಗುತ್ತಿದೆ. ಪಟ್ ಎಂದು ಒಂದು ಸದ್ದು. ರಬ್ಬರ್ ಸುಟ್ಟ ವಾಸನೆ. ಆಮೇಲೆ ಮೋಟಾರು ಒಂದೇ ಸಮ ಗುಂಯ್‌ಗುಡುತ್ತದೆ, ಬಟ್ಟೆ ಮಾತ್ರ ಅಲುಗುವುದಿಲ್ಲ.

ಅಕ್ಕ ಸ್ವಿಚ್ಚು ಹಾಕಿ, ಆರಿಸಿ, ಲೋಟ ಹಚ್ಚಿ ಕೇಳುತ್ತಾರೆ. ಇನ್ನೊಂದು ಕಡೆ ಹಚ್ಚಿ ಕೇಳುತ್ತಾರೆ. ಆಮೇಲೆ ಲೋಟವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತುಬಿಡುತ್ತಾರೆ. ಮೂಲೆಯಲ್ಲಿ ಅವರ ಚೀಲ, ಮಧ್ಯಾಹ್ನದ ಮನೆಗಳಿಗೆಂದು ಸಿದ್ಧವಾಗಿ ನಿಂತಿದೆ. ಅವರು ಅದನ್ನೇ ನೋಡುತ್ತಿದ್ದಾರೆ. ಹೊಗಳಲು ಬಂದವನ ಕಣ್ಣೆದುರೇ ಅವರ ಕಸುಬು ಮುಗಿದುಹೋಗಿದೆ.

ಅತ್ತೆ ಮಗನಿಗೆ ಫೋನ್ ಮಾಡುತ್ತಾರೆ. ಗೊಣಗಜ್ಜಿ ನಿಂತಳು ಎನ್ನುವುದು ಬಿಟ್ಟು ಬೇರೊಂದು ಮಾತಾಡುವುದಿಲ್ಲ. ಮಗರಾಯ ಓಡೋಡಿ ಬರುತ್ತಾರೆ. ಗೆದ್ದವರ ಮುಖ ಅದಲ್ಲ, ಮನೆಗೆ ಬೆಂಕಿ ಬಿದ್ದವರ ಮುಖ. ಯಾರನ್ನೂ ಏನೂ ಕೇಳದೆ ಮಷೀನನ್ನು ಗೋಡೆಯಿಂದ ಎಳೆದು, ಒಂದು ಜೇಬಿನಿಂದ ಸ್ಕ್ರೂಡ್ರೈವರ್, ಇನ್ನೊಂದು ಜೇಬಿನಿಂದ ಡ್ರಮ್ಮು ತಿರುಗಿಸುವ ಹೊಸ ರಬ್ಬರ್ ಬೆಲ್ಟು ತೆಗೆಯುತ್ತಾರೆ.

"ರೀ, ಬೆಲ್ಟೇ ಹೋಗಿದ್ದು ಅಂತ ನಿಮಗೆ ಯಾರು ಹೇಳಿದ್ರು?" ಎನ್ನುತ್ತಾರೆ ಅಕ್ಕ.

ಸ್ಕ್ರೂಡ್ರೈವರ್ ಗಾಳಿಯಲ್ಲೇ ನಿಲ್ಲುತ್ತದೆ. ಗಂಡ ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡುತ್ತಾರೆ. ತಪ್ಪಿಸಿಕೊಳ್ಳಲು ದಾರಿಯಿಲ್ಲ.

"ಎರಡು ವರ್ಷಕ್ಕೊಂದ್ಸಲ ನಾನೇ ಹಾಕ್ತಾ ಬಂದಿದೀನಿ. ನೀನು ಬೆಳಿಗ್ಗೆ ಆಚೆ ಹೋದಾಗ. ಈ ಸಲ ಅಂಗಡಿ ಗಲಾಟೇಲಿ ಸ್ವಲ್ಪ ತಡ ಆಯ್ತು. ಈ ವಾರ ಹಾಕೋಣ ಅಂದ್ರೆ ಇವರು ಬಂದು ಕೂತ್ಬಿಟ್ರು," ಎಂದು ನನ್ನ ಕಡೆ ಕೈ ತೋರಿಸುತ್ತಾರೆ.

ಪಂತ ಕಟ್ಟಿದವರೇ ಹೀಗೇಕೆ ಮಾಡಿದಿರಿ ಎಂದು ಕೇಳುತ್ತೇನೆ. ಅವರು ದನಿ ತಗ್ಗಿಸುತ್ತಾರೆ. "ಇವಳು ಅಂಗಡೀಲಿ ಕೂತ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕು. ಆ ಒಂದು ದಿನ ಸಾಕಾಯ್ತು ನನಗೆ." ಹಾಗಿದ್ದರೆ ಪಂತ ವಾಪಸ್ ತೆಗೆದುಕೊಳ್ಳಬಹುದಿತ್ತಲ್ಲ ಎಂದರೆ, ಅಮ್ಮನ ಎದುರು ಆಡಿದ ಮಾತು ಎಂದು ನೆಲ ನೋಡುತ್ತಾರೆ.

ಅತ್ತೆಗೆ ಇದೆಲ್ಲ ಮೊದಲೇ ಗೊತ್ತಂತೆ. ಮಗ ಬೆಳಬೆಳಿಗ್ಗೆ ಮೈಕೈಗೆಲ್ಲ ಮಸಿ ಬಳಿದುಕೊಂಡು ಮಷೀನಿನ ಹಿಂದಿನಿಂದ ಎದ್ದು ಬರುವುದನ್ನು ಎಷ್ಟೋ ಸಲ ನೋಡಿದ್ದಾರಂತೆ. ಇಲ್ಲದ ಉಸಾಬರಿ ಯಾಕೆಂದು ಸುಮ್ಮನಿದ್ದರಂತೆ. ಈಗ ನ್ಯಾಯಾಧೀಶೆಯ ಗತ್ತಿನಲ್ಲಿ ತೀರ್ಪು ಕೊಡುತ್ತಾರೆ. "ಪಂತ ಸೋತಿದ್ದು ಇವಳೇ. ಆದ್ರೆ ಇವಳನ್ನ ಅಂಗಡಿಗೆ ಕರೆಯೋ ಧೈರ್ಯ ಇವನಿಗಿಲ್ಲ. ಅಲ್ಲಿಗೆ ಮುಗೀತು, ಟೀ ಆರಿಹೋಗ್ತಿದೆ."

ಅಕ್ಕ ಮಡಿಲಿನ ಲೋಟವನ್ನು ಕೆಳಗಿಡುತ್ತಾರೆ. ಒಳಗೆಲ್ಲ ಹಾಗೇ ಇದೆ ಎಂದು ನನ್ನ ಮುಂದೆ ಕೊಚ್ಚಿಕೊಂಡಿದ್ದರಲ್ಲ, ಈಗ ದೊಡ್ಡ ಜಗಳವೇ ಆಗುತ್ತದೆ ಎಂದು ನಾನು ಚಪ್ಪಲಿ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ. ಅವರು ಎದ್ದು, ಸ್ಟೂಲು ಎಳೆದುಕೊಂಡು, ಗಂಡನ ಪಕ್ಕ ಕೂರುತ್ತಾರೆ. ಬೆಲ್ಟ್ ಹಾಕುವ ಮುಂಚೆ ಅದು ಸುತ್ತುವ ಚಕ್ರವನ್ನು ಒರೆಸುತ್ತಿದ್ದಿರಾ ಎಂದು ವಿಚಾರಿಸುತ್ತಾರೆ. ಇಲ್ಲ ಎಂಬ ಉತ್ತರ ಬಂದ ಮೇಲೆ ಅವರಿಗೆ ಜೀವ ಬಂದಂತಾಗುತ್ತದೆ. ಚೀಲದಿಂದ ಸಣ್ಣ ಬ್ರಷ್ಷೊಂದನ್ನು ತೆಗೆದು ಗಂಡನ ಕೈಗೆ ಕೊಡುತ್ತಾರೆ. ಹೊಸ ಯಂತ್ರಗಳ ಮಾಲೀಕರು ಹಳೆಯ ಯಂತ್ರದ ಹಿಂದೆ ಮಂಡಿಯೂರುತ್ತಾರೆ.

ಇಂಥ ಲೇಖನಗಳಿಗೆ ಕೊನೆಯಲ್ಲೊಂದು ಪ್ರಶ್ನೆ ಇದ್ದೇ ಇರುತ್ತದೆ. ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಅಕ್ಕ ಗಂಡನ ಬೆನ್ನನ್ನು ನೋಡುತ್ತಾರೆ.

"ಹೇಳಿದ್ದನ್ನ ಒಬ್ಬರಾದ್ರೂ ಕೇಳಲಿ ಅಂತ ಇತ್ತು. ಊರೆಲ್ಲ ತಲೆ ಆಡಿಸ್ತು, ಯಾರೂ ಕೇಳಲಿಲ್ಲ. ಈ ಮನುಷ್ಯ ಒಂದಿನ ತಲೆ ಆಡಿಸಿದ್ದಿಲ್ಲ. ಆದ್ರೂ ಇದೊಂದು ಸಲ ಬಿಟ್ರೆ ಪ್ರತಿ ಸಲ ಕೆಡೋಕೆ ಮುಂಚೇನೇ ಬೆಲ್ಟ್ ಹಾಕಿದಾರೆ ನೋಡಿ."

ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು, ಮಷೀನಿನ ಹಿಂದಕ್ಕೆ ಬಗ್ಗುತ್ತಾರೆ. "ಅಂಚು ಬಿಟ್ರಿ," ಎನ್ನುತ್ತಾರೆ.