ಮೊದಲ ನಂಬರಿನ ಅಜ್ಜ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಏಳನೆಯ ತರಗತಿಯಲ್ಲಿ ನಾನು ಮೊದಲ ನಂಬರು ಬಂದಿದ್ದೆ ಎಂಬ ಒಂದೇ ಬಂಡವಾಳದ ಮೇಲೆ ಇಷ್ಟು ವರ್ಷ ಮನೆಯಲ್ಲಿ ನನ್ನ ದರ್ಬಾರು ನಡೆದಿದೆ. ಹೆಂಡತಿಗೆ ಹೇಳಿದ್ದೇನೆ, ಅಳಿಯನಿಗೆ ಹೇಳಿದ್ದೇನೆ, ಅಕ್ಕಿ ಮಿಲ್ಲಿನಲ್ಲಿ ಮ್ಯಾನೇಜರನಾಗಿದ್ದಾಗ ಹಮಾಲರನ್ನು ನಿಲ್ಲಿಸಿಕೊಂಡೂ ಹೇಳಿದ್ದೇನೆ. ಈಗ ಮೊಮ್ಮಕ್ಕಳು ಸಿಕ್ಕಿದ್ದಾರೆ. ಗಣಿತದಲ್ಲಿ ಕಡಿಮೆ ಅಂಕ ತಂದವರಿಗೆ ನಮ್ಮ ಮನೆಯಲ್ಲಿ ಊಟಕ್ಕೂ ಮೊದಲು ನನ್ನ ಚರಿತ್ರೆ ಬಡಿಸುವ ಪದ್ಧತಿ.

ಹೀಗೆ ಸುಖವಾಗಿದ್ದವನಿಗೆ ಸಿಂಧನೂರಿನ ನನ್ನ ಹಳೆಯ ಶಾಲೆಯಿಂದಲೇ ಕಂಟಕ ಬಂತು. ಅಲ್ಲಿಯ ದೊಡ್ಡ ಬಾಯೋರು, ಅಂದರೆ ಮುಖ್ಯೋಪಾಧ್ಯಾಯಿನಿ, ಒಂಬತ್ತನೆಯ ತರಗತಿಯ ಮಕ್ಕಳನ್ನೂ ಎಪ್ಪತ್ತರ ಆಸುಪಾಸಿನ ಹಳೆಯ ವಿದ್ಯಾರ್ಥಿಗಳನ್ನೂ ಜೋಡಿ ಮಾಡುವ ಕೆಲಸಕ್ಕೆ ಕೈಹಾಕಿದ್ದಾರೆ. ಒಬ್ಬೊಬ್ಬ ಮುದುಕನಿಗೆ ಒಂದೊಂದು ಮಗು. ಮಗು ಬಂದು ನಮ್ಮ ಕಾಲದ ಶಾಲೆಯ ಕಥೆ ಕೇಳಿ ಬರೆದುಕೊಳ್ಳಬೇಕು. ಅದನ್ನು ಶಾಲೆಯ ವಾರ್ಷಿಕ ಗ್ಯಾದರಿಂಗಿನ ದಿನ ಶಾಲೆಯ ಗೋಡೆಗೆ ಹಚ್ಚುತ್ತಾರೆ. ನನ್ನ ಮೂವರು ಮೊಮ್ಮಕ್ಕಳು ಓದುವುದೂ ಅಲ್ಲಿಯೇ.

ನನ್ನ ಪಾಲಿಗೆ ಬಂದವಳು ಭಾಗ್ಯ. ಎರಡು ಜಡೆ, ಒಂದು ನೋಟ್‌ಬುಕ್ಕು, ಫೌಜುದಾರನ ಕಣ್ಣು. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಗಂಟಲು ಸರಿಮಾಡಿಕೊಂಡು, ಮೊದಲ ನಂಬರಿನಿಂದಲೇ ಶುರುಮಾಡಿದೆ. ಅವಳು ಬರೆದುಕೊಂಡು ಕೇಳಿದಳು, "ಸಾಕ್ಷಿ ಯಾರದಾರ್ರೀ ಅಜ್ಜಾರ?"

ಸಾಕ್ಷಿ! ಮಸ್ಕಿಯ ಬಂಡೆಯ ಮೇಲೆ ಒಬ್ಬ ಚಕ್ರವರ್ತಿ ತನ್ನ ಹೆಸರನ್ನು ಕೊರೆಸಿ ಹೋಗಿದ್ದಾನೆ. ಅವನನ್ನು ಯಾರಾದರೂ ಸಾಕ್ಷಿ ಕೇಳಿದರೆ? ವಯಸ್ಸಾದವರು ಹೇಳಿದ್ದನ್ನು ನಂಬುವುದು ಲೋಕದ ರೂಢಿ. ಆ ರೂಢಿ ಇಲ್ಲದಿದ್ದರೆ ಅರ್ಧ ಚರಿತ್ರೆಯೂ ಎಲ್ಲ ಅಜ್ಜಂದಿರೂ ಮೂಲೆಗೆ ಬೀಳಬೇಕಾಗುತ್ತದೆ. ಆದರೆ ಈ ಬಾಯೋರ ನಿಯಮವೇ ಬೇರೆ: ಒಬ್ಬರು ಹೇಳಿದ್ದನ್ನು ಅದೇ ತರಗತಿಯ ಇನ್ನೊಬ್ಬರು ಹೌದು ಎನ್ನಬೇಕು. ಲಿಂಗಸುಗೂರಿನಲ್ಲಿರುವ ನಮ್ಮ ಗೆಳೆಯನೊಬ್ಬ ತಾನು ಒಂದು ದಿನವೂ ಶಾಲೆ ತಪ್ಪಿಸಿಲ್ಲ ಎಂದು ಬರೆಸಿ, ಈ ನಿಯಮ ಗೊತ್ತಾದ ಮೇಲೆ ಫೋನು ಎತ್ತುವುದನ್ನೇ ಬಿಟ್ಟಿದ್ದಾನಂತೆ.

ನಾನು ಹೆದರಲಿಲ್ಲ. ಮಸ್ಕಿಯಲ್ಲಿ ಅರಿವೆ ಅಂಗಡಿ ಇಟ್ಟಿರುವ, ನನ್ನದೇ ತರಗತಿಯ ಅಮರೇಶಪ್ಪನ ನಂಬರು ಕೊಟ್ಟೆ. ಅದಕ್ಕೂ ಮೊದಲು ಅವನಿಗೆ ನಾನೇ ಫೋನು ಮಾಡಿ, "ಹುಡುಗಿ ಕೇಳ್ತಾಳ, ಚಲೋ ಮಾತು ಹೇಳಪಾ," ಎಂದು ಬೇಡಿಕೊಂಡಿದ್ದೆ. ಪುಣ್ಯಾತ್ಮ ಚಲೋ ಮಾತನ್ನೇ ಹೇಳಿದ. "ಹೌದವ್ವ, ಗಂಡು ಹುಡುಗ್ರೊಳಗ ಅವನಽ ಫಸ್ಟ್. ಹೆಣ್ಣು ಹುಡುಗ್ಯಾರನ್ನ ಆಗ ಯಾರು ಲೆಕ್ಕಕ್ಕ ಹಿಡೀತಿದ್ರು?"

ಸುಳ್ಳಲ್ಲ. ನಮ್ಮ ಕಾಲದಲ್ಲಿ ನಂಬರಿನ ಪ್ರಕಾರ ಕೂಡಿಸುತ್ತಿದ್ದರು. ಹುಡುಗಿಯರಿಗೆ ಕೂರಲು ಗೋಡೆ ಕಡೆಗೆ ಬೇರೆ ಗೋಣಿತಟ್ಟು. ಅಂಕದ ಪುಸ್ತಕದಲ್ಲೂ ಹುಡುಗರ ಹೆಸರು ಮುಂದಿನ ಹಾಳೆಗಳಲ್ಲಿ, ಹುಡುಗಿಯರದು ಹಿಂದಿನಿಂದ ತೆರೆದರೆ ಸಿಗುತ್ತಿತ್ತು. ಮಾಸ್ತರರು ನಂಬರು ಕೂಗುವಾಗ ಪುಸ್ತಕ ತಿರುವಿ ಹಾಕುವ ತ್ರಾಸು ತೆಗೆದುಕೊಳ್ಳುತ್ತಿರಲಿಲ್ಲ. ಭಾಗ್ಯ ತೆಗೆದುಕೊಂಡಳು. ಶಾಲೆಯ ಕಪಾಟಿನಿಂದ ಆ ಪುಸ್ತಕ ಇಳಿಸಿ ಹಿಂದಿನಿಂದ ತೆರೆದರೆ ಮೊದಲ ಹೆಸರೇ ಹನುಮವ್ವ. ಒಟ್ಟು ಅಂಕದಲ್ಲಿ ಅವಳೇ ಮುಂದೆ; ಗಣಿತದ್ದಂತೂ ನನ್ನದಕ್ಕಿಂತ ಹದಿನಾಲ್ಕು ಹೆಚ್ಚು.

ಹನುಮವ್ವ ಈಗ ಮುಕ್ಕುಂದದಲ್ಲಿದ್ದಾಳೆ. ಏಳನೆಯದು ಮುಗಿದದ್ದೇ ತಡ, ಅವಳ ಮದುವೆಯಾಯಿತು. ಆಮೇಲೆ ವರ್ಷಗಟ್ಟಲೆ ಭತ್ತದ ನಾಟಿ ಹಚ್ಚುವ ಹೆಂಗಸರ ಗುಂಪನ್ನು ನಡೆಸಿದಳಂತೆ. ಭಾಗ್ಯ ಅಪ್ಪನ ಬೈಕಿನಲ್ಲಿ ಅಲ್ಲಿಗೂ ಹೋಗಿ ಕೇಳಿ ಬಂದಳು: ನೀವೇ ಫಸ್ಟ್ ಎಂಬುದು ನಿಮಗೆ ಗೊತ್ತಿತ್ತೇ?

"ಗೊತ್ತಿತ್ತವ್ವ," ಅಂದಳಂತೆ ಹನುಮವ್ವ. "ಹೇಳಿದ್ರ ಅಂವ ಅತ್ತುಬಿಡ್ತಿದ್ದ. ಹೋಗ್ಲಿ ಬಿಡು ಅಂತ ಸುಮ್ಕಿದ್ದೆ."

ಭಾಗ್ಯ ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಡಿಗೆಮನೆಯಿಂದ ಬಹಳ ಹೊತ್ತು ನಗೆಯ ಸದ್ದು ಬರುತ್ತಿತ್ತು. ಗ್ಯಾದರಿಂಗಿನ ದಿನ ಶಾಲೆಯ ಗೋಡೆಯ ಮುಂದೆ ಸಾಲಾಗಿ ನಿಂತು ಇದನ್ನು ಓದುವ ನನ್ನ ಮೂವರು ಮೊಮ್ಮಕ್ಕಳು ಕಣ್ಣಿಗೆ ಕಟ್ಟಿದರು. ಕೂಡಲೇ ಭಾಗ್ಯಳಿಗೆಂದು ಮಂಡಕ್ಕಿ ನೆನೆಸಿದ ಮಂಡಾಳ ಒಗ್ಗರಣೆ, ಮಿರ್ಚಿ ಮಾಡಿಸಿದೆ. ಭಾಗ್ಯ ಎರಡು ಸಲ ಹಾಕಿಸಿಕೊಂಡು ತಿಂದಳು, ಕೈ ತೊಳೆದು ಬಂದು ಪೆನ್ನು ತೆಗೆದಳು. ಲಂಚ ತಿಂದೂ ಕೆಲಸ ಮಾಡಿಕೊಡದವರನ್ನು ನಾನು ನೋಡಿದ್ದು ಅದೇ ಮೊದಲು.

ಸೋಲೊಪ್ಪಿಕೊಂಡೆ. "ಆತು ಬಿಡವ್ವ. ಹನುಮವ್ವ ಮೊದಲನೇಕಿ, ನಾನು ಎರಡನೇದವ ಅಂತ ಬರಿ."

"ಅದೂ ಬರೆಯಾಕ ಬರಂಗಿಲ್ರೀ," ಅಂದಳು ಭಾಗ್ಯ. "ಹಿಂದಿನ ಹಾಳ್ಯಾಗ ನಿಮಗಿಂತ ಮುಂದ ಇನ್ನಿಬ್ರು ಅದಾರ."

ಯಾರು? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ನನ್ನ ಆಜುಬಾಜು ಕೂತಿದ್ದ ಹುಡುಗರ ಹೆಸರು, ಅವರ ಅಡ್ಡಹೆಸರು, ಅವರಪ್ಪಂದಿರ ಎತ್ತಿನ ಬಣ್ಣ ಕೂಡ ಹೇಳಬಲ್ಲೆ. ಏಳು ವರ್ಷ ನಮ್ಮ ಜೊತೆಗೇ ಗೋಡೆಗೆ ಕೂತಿದ್ದ ಎರಡು ಮುಖ ಬರಲೊಲ್ಲವು. ಮೊದಲ ನಂಬರು ಹೋದದ್ದಕ್ಕೆ ಆಗದ ನಾಚಿಕೆ ಆಗ ಆಯಿತು. ಭಾಗ್ಯಳನ್ನೇ ಕೇಳಿದೆ. "ಖಾಜಾಬಿ, ಸಿದ್ದಮ್ಮ," ಎಂದಳು. ಖಾಜಾಬಿ ಎಲ್ಲಿದ್ದಾಳೋ ಇನ್ನೂ ಗೊತ್ತಾಗಿಲ್ಲವಂತೆ; ಹುಡುಕುತ್ತಿದ್ದಾರೆ.

"ಹಂಗಾದ್ರ ಅವರ ಹೆಸರು ಬರಕೋ, ನಂದು ಆಮ್ಯಾಲೆ ಬರಿ," ಅಂದೆ, ಬಹಳ ದೊಡ್ಡ ಮನಸ್ಸು ಮಾಡಿ.

ಭಾಗ್ಯ ನೋಟ್‌ಬುಕ್ಕು ಮುಚ್ಚಿ ಚೀಲಕ್ಕೆ ಹಾಕಿದಳು. "ಅವರನ್ನ ಕಂಡು ಮಾತಾಡ್ಸಿ ಬರ್ತೀನ್ರೀ ಅಜ್ಜಾರ. ಅಲ್ಲೀತನಕ ತಡೀರಿ. ನಿಮ್ಮ ಪಾಳಿ ಇನ್ನೂ ಬಂದಿಲ್ಲ."